ಕೊಲ್ಲಲೆಂದೇ ಸೃಷ್ಟಿಸಿದ ಜನ

ಹೊಸ ಲೋಕವೊಂದನ್ನು ಕಲ್ಪಿಸಿಕೊಂಡು ಅದರೊಳಗೆ ಗೆಳೆಯರೊಡನೆ ಸಂಚರಿಸುವ ಆಟವೊಂದು ಬೆಂಗಳೂರಿನಂತಹ ನಗರಗಳ ಯುವಜನರ ನಡುವೆ ಸದ್ದಿಲ್ಲದೆ ನೆಲೆಯೂರಿದೆ. ಇದಕ್ಕೆ ಗಣಕಯಂತ್ರವೂ ಬೇಡ, ಮೊಬೈಲ್ ಫೋನೂ ಬೇಡ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತರೆ ಸಾಕು. ಕೈಯಲ್ಲಿ ಕಾಗದ, ಪೆನ್ಸಿಲು, ನಾಲ್ಕು ಮುಖಗಳಿಂದ ಹಿಡಿದು ಇಪ್ಪತ್ತು ಮುಖಗಳವರೆಗಿನ ಬಗೆಬಗೆಯ ದಾಳಗಳು. ಅವರಲ್ಲೊಬ್ಬ ಸೂತ್ರಧಾರ. "ನೀವು ನದಿಯ ದಡಕ್ಕೆ ಬಂದಿದ್ದೀರಿ. ಸೇತುವೆ ಮುರಿದಿದೆ. ಆಚೆ ದಡದಲ್ಲಿ ಹೊಗೆ ಏಳುತ್ತಿದೆ. ಏನು ಮಾಡುತ್ತೀರಿ?" ಎಂದು ಅವನು ಕೇಳುತ್ತಾನೆ. ಉಳಿದವರು ತಾವು ವಹಿಸಿಕೊಂಡ ಪಾತ್ರಗಳಾಗಿ ಉತ್ತರಿಸುತ್ತಾರೆ. ಫಲ ಏನಾದೀತೆಂಬ ಸಂದೇಹವಿದ್ದಲ್ಲಿ ದಾಳ ತೀರ್ಪು ಕೊಡುತ್ತದೆ. ಗೆದ್ದವರು, ಸೋತವರು ಎಂಬ ಲೆಕ್ಕವಿಲ್ಲ; ಕಥೆ ಮುಂದುವರಿಯುತ್ತದೆ, ಅಷ್ಟೆ.

ಕರಾವಳಿಯ ಓದುಗರಿಗೆ ಇಲ್ಲಿ ತಾಳಮದ್ದಳೆಯ ನೆನಪು ಬಂದರೆ ಆಶ್ಚರ್ಯವಿಲ್ಲ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಪಾತ್ರವಾಗಿ ಆಶುವಾಗಿ ಮಾತನಾಡುವ ಅರ್ಥಧಾರಿಗಳಿದ್ದಾರೆ. ಆದರೆ ತಾಳಮದ್ದಳೆಯ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದ್ದು. ಈ ಆಟದಲ್ಲಿ ಕಥೆಯ ಕೊನೆ ಯಾರಿಗೂ ತಿಳಿದಿರುವುದಿಲ್ಲ. ಅಷ್ಟೇ ಅಲ್ಲದೆ ಕಥೆ ನಡೆಯುವ ನಾಡು, ಅದರ ಬೆಟ್ಟ-ನದಿಗಳು, ಅರಸರು, ದೇವರುಗಳು, ಭಾಷೆ, ನಾಣ್ಯ, ಹಬ್ಬ, ಯುದ್ಧ ಎಲ್ಲವನ್ನೂ ಸೂತ್ರಧಾರನೇ ಕಲ್ಪಿಸಬಹುದು. ಹಲವು ಯುವಕ ಯುವತಿಯರಿಗೆ ಆಟಕ್ಕಿಂತಲೂ ಈ ಕಟ್ಟುವ ಕೆಲಸವೇ ಹೆಚ್ಚು ಪ್ರಿಯ. ತಿಂಗಳುಗಟ್ಟಲೆ ಕುಳಿತು ನಕಾಶೆ ಬರೆಯುತ್ತಾರೆ, ವಂಶಾವಳಿಗಳನ್ನು ರಚಿಸುತ್ತಾರೆ, ಯಾರೂ ಆಡದ ಭಾಷೆಗಳಿಗೆ ವ್ಯಾಕರಣ ಬರೆಯುತ್ತಾರೆ.

ಈ ಕುರಿತು ಹಿರಿಯರಾದ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕಂಡುಬರುತ್ತವೆ. ಮಾಟ-ಮಂತ್ರ, ಭೂತ-ಪಿಶಾಚಿಗಳಿರುವ ಇಂತಹ ಆಟ ಕ್ರೈಸ್ತ ಕುಟುಂಬಗಳಿಗೆ ಸಲ್ಲದು ಎನ್ನುವವರು ಒಂದು ಕಡೆ. ಎಷ್ಟಾದರೂ ಆಟವಲ್ಲವೇ, ಮಕ್ಕಳು ಆಡಿಕೊಳ್ಳಲಿ ಬಿಡಿ ಎನ್ನುವವರು ಇನ್ನೊಂದು ಕಡೆ. ಈ ಎರಡೂ ಪಕ್ಷಗಳು ಕೇಳಲೇಬೇಕಾದ ಪ್ರಶ್ನೆಯೊಂದನ್ನು ಕೇಳದೆ ದಾಟಿಹೋಗಿವೆ ಎಂಬುದೇ ಈ ಬರಹದ ವಾದ. ಆ ಪ್ರಶ್ನೆ ಇದು: ನೀನು ಕಟ್ಟಿದ ಲೋಕದಲ್ಲಿ, ಹುಟ್ಟಿದ ಕಾರಣಕ್ಕಾಗಿಯೇ ಕೊಲ್ಲಬಹುದಾದ ಜನರಿದ್ದಾರೆಯೇ?

ಭಯಪಟ್ಟವರು ಕಂಡದ್ದೇನು?

ಇಂತಹ ಆಟಗಳಲ್ಲಿ ಮೊದಲು ಪ್ರಕಟವಾದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು 1974ರಲ್ಲಿ ಹೊರತಂದರು. ಆರ್ನೆಸನ್ ಕಟ್ಟಿದ ಲೋಕ 'ಬ್ಲ್ಯಾಕ್‌ಮೂರ್', ಗೈಗ್ಯಾಕ್ಸ್ ಕಟ್ಟಿದ್ದು 'ಗ್ರೇಹಾಕ್'. ಕೆನಡಾದ ಎಡ್ ಗ್ರೀನ್‌ವುಡ್ ತಮ್ಮ ಬಾಲ್ಯದಲ್ಲಿಯೇ ಕಲ್ಪಿಸಿಕೊಂಡಿದ್ದ ಲೋಕವೊಂದು 1987ರಲ್ಲಿ 'ಫರ್ಗಾಟನ್ ರೆಲ್ಮ್ಸ್' ಎಂಬ ಹೆಸರಿನಲ್ಲಿ ಅಚ್ಚಾಯಿತು.

ಆಟ ಜನಪ್ರಿಯವಾದಂತೆ ವಿರೋಧವೂ ಬೆಳೆಯಿತು. 1979ರಲ್ಲಿ ಮಿಶಿಗನ್ ರಾಜ್ಯದ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಈ ಆಟವೇ ಕಾರಣವಿರಬಹುದೆಂಬ ಊಹೆ ಪತ್ರಿಕೆಗಳಲ್ಲಿ ಹಬ್ಬಿತು. ಸುಮಾರು ಒಂದು ತಿಂಗಳಲ್ಲಿ ಅವನು ಜೀವಂತವಾಗಿ ಸಿಕ್ಕಿದ. ಅವನ ಸಂಕಟಗಳಿಗೆ ಬೇರೆ ಕಾರಣಗಳಿದ್ದವು. ಆದರೆ ಊಹೆ ಮಾತ್ರ ಉಳಿಯಿತು. 1980ರ ದಶಕದಲ್ಲಿ ಆಟದ ವಿರುದ್ಧ ಸಂಘಟನೆಗಳು ಹುಟ್ಟಿದವು, ದೂರದರ್ಶನದಲ್ಲಿ ಚರ್ಚೆಗಳಾದವು. 1984ರಲ್ಲಿ ಜ್ಯಾಕ್ ಚಿಕ್ ಎಂಬ ಪ್ರಕಾಶಕ, ಈ ಆಟ ಮಕ್ಕಳನ್ನು ಸೈತಾನನ ಕೈಗೊಪ್ಪಿಸುತ್ತದೆ ಎಂದು ಸಾರುವ ಚಿತ್ರಪುಸ್ತಿಕೆಯನ್ನು ಹಂಚಿದ. ಇದೇ ಪ್ರಕಾಶಕ ಕಥೋಲಿಕ ಧರ್ಮಸಭೆಯ ಮೇಲೂ ವಿಷ ಕಾರುವ ಪುಸ್ತಿಕೆಗಳನ್ನು ಅಚ್ಚುಮಾಡಿದವನು. ಆತನ ಮಾತನ್ನು ಪ್ರಮಾಣವೆಂದು ಎತ್ತಿಕೊಳ್ಳುವ ಮುನ್ನ ನಮ್ಮವರು ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು.

ವಿರೋಧಕ್ಕೆ ಫಲವೂ ದೊರೆಯಿತು. 1989ರಲ್ಲಿ ಆಟದ ಎರಡನೆಯ ಆವೃತ್ತಿ ಬಂದಾಗ ಪ್ರಕಾಶಕರು ಭೂತ, ಪಿಶಾಚಿ ಎಂಬ ಅರ್ಥದ ಹೆಸರುಗಳನ್ನು ಕೈಬಿಟ್ಟರು. ಅವುಗಳ ಜಾಗದಲ್ಲಿ ಮುಂದೆ ಯಾರಿಗೂ ಅರ್ಥವಾಗದ ಹೊಸ ಹೆಸರುಗಳು ಬಂದವು. ಹೀಗೆ ಹೆಸರು ಬದಲಾಯಿತು, ಧರ್ಮ ಉಳಿಯಿತೆಂಬ ಸಮಾಧಾನ ಹಲವರದ್ದಾಯಿತು.

ಆದರೆ ಅದೇ ಪುಸ್ತಕಗಳ ಬೇರೆ ಪುಟಗಳಲ್ಲಿ ಏನಿತ್ತು? 1977ರಲ್ಲಿ ಬಂದ 'ಮಾನ್‌ಸ್ಟರ್ ಮ್ಯಾನುಯಲ್' ಎಂಬುದು ಆಟದಲ್ಲಿ ಎದುರಾಗುವ ಜೀವಿಗಳ ಪಟ್ಟಿ. ಅದರಲ್ಲಿ ಓರ್ಕ್ ಎಂಬ ಜನಾಂಗವಿದೆ. ಅವರಿಗೆ ತಮ್ಮದೇ ಭಾಷೆಯಿದೆ, ಬುಡಕಟ್ಟುಗಳಿವೆ. ಅವರ ನೆಲೆಯಲ್ಲಿ ಎಷ್ಟು ಹೆಂಗಸರು, ಎಷ್ಟು ಮಕ್ಕಳು ಇರುತ್ತಾರೆಂಬ ಲೆಕ್ಕವನ್ನೂ ಪುಸ್ತಕವೇ ಕೊಡುತ್ತದೆ. ಹಾಗೆಯೇ ಇಡೀ ಜನಾಂಗದ ಸ್ವಭಾವಕ್ಕೆ 'ದುಷ್ಟ' ಎಂಬ ಒಂದೇ ಚೀಟಿ ಅಂಟಿಸಲಾಗಿದೆ. ಅವರನ್ನು ಕೊಂದರೆ ಆಟಗಾರನಿಗೆ ಅಂಕಗಳು. ಅವರ ಹಣ ದೋಚಿದರೆ ಮತ್ತಷ್ಟು ಅಂಕಗಳು. ಹೊಸ ಆಟಗಾರರಿಗಾಗಿ ಗೈಗ್ಯಾಕ್ಸ್ 1980ರ ಸುಮಾರಿಗೆ ಬರೆದ 'ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್' ಎಂಬ ಪ್ರಸಂಗದಲ್ಲಿ ಗಡಿಯ ಕೋಟೆಯೊಂದಿದೆ, ಅದರಾಚೆ ಗವಿಗಳಿವೆ. ಆ ಗವಿಗಳಲ್ಲಿ ವಾಸಿಸುವ ಜನಾಂಗಗಳ ಹೆಣ್ಣುಗಳು ಎಷ್ಟು, ಮರಿಗಳು ಎಷ್ಟು, ಅವರು ಕಾದಾಡುವುದಿಲ್ಲ ಎಂಬ ಟಿಪ್ಪಣಿಗಳೂ ಇವೆ. ಗಂಡಸರನ್ನು ಕೊಂದ ಮೇಲೆ ಇವರನ್ನು ಏನು ಮಾಡಬೇಕು? ಪುಸ್ತಕ ಈ ಬಗ್ಗೆ ಮೌನ. ಹನ್ನೆರಡು ವರ್ಷದ ಹುಡುಗ ಸೂತ್ರಧಾರನಾಗಿ ಕುಳಿತು ತನಗೆ ತೋಚಿದಂತೆ ಉತ್ತರಿಸಬೇಕಿತ್ತು.

ಭೂತಗಳ ಹೆಸರನ್ನು ಹುಡುಕಿ ಹುಡುಕಿ ಅಳಿಸಿಹಾಕಿದ ಧರ್ಮಭೀರುಗಳ ಕಣ್ಣಿಗೆ ಆ ಗವಿಯ ಮಕ್ಕಳು ಕಾಣಲಿಲ್ಲ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರ ಬಗ್ಗೆ ಪ್ರಭು ಯೇಸು ಆಡಿದ ಮಾತು ಇಂಥವರಿಗೇ ಒಪ್ಪುತ್ತದೆ.

ಸೃಷ್ಟಿಸುವುದು ಅಹಂಕಾರವೇ?

ಲೋಕವನ್ನು ಸೃಷ್ಟಿಸುವುದು ದೇವರ ಕೆಲಸ, ಅದಕ್ಕೆ ಕೈಹಾಕುವುದೇ ಅಹಂಕಾರ ಎಂದು ವಾದಿಸುವವರಿಗೆ ಕಥೋಲಿಕರೊಬ್ಬರೇ ಬಹಳ ಹಿಂದೆ ಉತ್ತರ ಕೊಟ್ಟಿದ್ದಾರೆ. 'ದ ಲಾರ್ಡ್ ಆಫ್ ದ ರಿಂಗ್ಸ್' ಬರೆದ ಜೆ. ಆರ್. ಆರ್. ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಅದ್ಭುತ ಕಥೆಗಳನ್ನು ಕುರಿತು ಉಪನ್ಯಾಸ ನೀಡಿದರು. ಮನುಷ್ಯನು ಸೃಷ್ಟಿಕರ್ತನ ಪ್ರತಿರೂಪದಲ್ಲಿ ಉಂಟಾದವನು. ಆದ್ದರಿಂದ ಅವನೂ ತನ್ನ ಅಳತೆಗೆ ತಕ್ಕಂತೆ ಸೃಷ್ಟಿಸುತ್ತಾನೆ ಎಂಬುದು ಅವರ ವಿಚಾರದ ತಿರುಳು. ಇದನ್ನು ನಾವು ಉಪಸೃಷ್ಟಿ ಎನ್ನಬಹುದು. ಶೂನ್ಯದಿಂದ ಸೃಷ್ಟಿಸುವುದು ದೇವರಿಗೆ ಮಾತ್ರ ಸಾಧ್ಯ. ಮನುಷ್ಯನು ದೇವರಿತ್ತ ನೀರು, ಕಲ್ಲು, ಬಣ್ಣ, ಮಾತುಗಳನ್ನೇ ಹೊಸದಾಗಿ ಜೋಡಿಸುತ್ತಾನೆ. ಹಸಿರು ಸೂರ್ಯನಿರುವ ಲೋಕವನ್ನು ಹೇಳಿಬಿಡುವುದು ಸುಲಭ. ಆ ಸೂರ್ಯನ ಕೆಳಗೆ ಎಲ್ಲವೂ ಒಪ್ಪುವಂತೆ, ನಂಬುವಂತೆ ಕಟ್ಟುವುದು ಕಷ್ಟದ ಕೆಲಸ ಎಂದೂ ಅವರು ಎಚ್ಚರಿಸಿದ್ದರು.

ಆದರೆ ನಮ್ಮ ವಾದಕ್ಕೆ ಅವರ ಈ ಸಮರ್ಥನೆಗಿಂತಲೂ ಅವರ ಅಳುಕು ಮುಖ್ಯ. ಇಂದಿನ ಆಟಗಳ ಓರ್ಕ್ ಜನಾಂಗ ಬಂದದ್ದೇ ಟೋಲ್ಕಿನ್ನರ ಕಥೆಗಳಿಂದ. ಕಥೆಯಲ್ಲಿ ಓರ್ಕ್‌ಗಳು ಸಾವಿರಗಟ್ಟಲೆ ಸಾಯುತ್ತಾರೆ. ಅವರಿಗಾಗಿ ಯಾರೂ ಅಳುವುದಿಲ್ಲ. ಆದರೆ ಬರೆದವರ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಕೇಡಿಗೆ ಸೃಷ್ಟಿಸುವ ಶಕ್ತಿಯಿಲ್ಲ, ಇರುವುದನ್ನು ಕೆಡಿಸುವ ಶಕ್ತಿ ಮಾತ್ರವಿದೆ ಎಂಬುದು ಅವರ ವಿಶ್ವಾಸ. ಹಾಗಾದರೆ ಓರ್ಕ್‌ಗಳು ಎಲ್ಲಿಂದ ಬಂದರು? ಕೆಡಿಸಲ್ಪಟ್ಟವರಾದರೆ ಅವರಿಗೆ ಉದ್ಧಾರವಿಲ್ಲವೇ? 1954ರಲ್ಲಿ ಕಥೋಲಿಕ ಓದುಗರೊಬ್ಬರಿಗೆ ಬರೆಯಲು ತೊಡಗಿದ ಉತ್ತರದಲ್ಲಿ, ಅವರನ್ನು ಎಂದೆಂದಿಗೂ ಉದ್ಧಾರವಾಗದವರು ಎಂದು ಬರೆಯಹೊರಟವರು ಆ ಮಾತು ಮಿತಿಮೀರಿದ್ದೆಂದು ತಡೆದುನಿಂತರು. 1973ರಲ್ಲಿ ತೀರಿಕೊಳ್ಳುವವರೆಗೂ ಈ ಗಂಟನ್ನು ಅವರಿಗೆ ಬಿಡಿಸಲಾಗಲಿಲ್ಲ. ಅವರ ಮರಣದ ಮರುವರ್ಷವೇ ಬಂದ ಆಟ ಅವರ ಓರ್ಕ್‌ಗಳನ್ನು ತೆಗೆದುಕೊಂಡಿತು. ಅವರ ಅಳುಕನ್ನು ಮಾತ್ರ ಬಿಟ್ಟುಬಿಟ್ಟಿತು.

'ಕೇವಲ ಆಟ' ಎನ್ನುವವರಿಗೆ

ಇನ್ನು ಎರಡನೆಯ ಪಕ್ಷದವರ ಮಾತಿಗೆ ಬರೋಣ. ಕಾಗದದ ಮೇಲಿನ ಓರ್ಕ್ ಸತ್ತರೆ ಯಾರಿಗೆ ನೋವು? ಯಾರಿಗೂ ಇಲ್ಲ. ಇಂತಹ ಆಟವಾಡಿದವರು ಕೊಲೆಗಾರರಾಗುತ್ತಾರೆಂದು ನಾವು ಹೇಳುತ್ತಿಲ್ಲ. ಅಂತಹ ಅಬ್ಬರದ ಮಾತುಗಳಿಂದಲೇ 1980ರ ದಶಕದ ವಿರೋಧಿಗಳು ನಗೆಪಾಟಲಾದರು. ನಮ್ಮ ಆಕ್ಷೇಪಣೆ ಬೇರೆ. ಒಂದು ಜನಾಂಗಕ್ಕೆ ಜನಾಂಗವೇ ಹುಟ್ಟಿನಿಂದ ದುಷ್ಟ ಎಂಬುದು ಯಾವುದೋ ಕಲ್ಪಿತ ಲೋಕದಲ್ಲಿ ಹುಟ್ಟಿದ ವಿಚಾರವಲ್ಲ. ಅದು ನಮ್ಮ ಲೋಕದ್ದೇ ಹಳೆಯ ಸುಳ್ಳು. ಕಾನೂನಾಗಿ ಅಚ್ಚಾದ ಸುಳ್ಳು.

1871ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಹುಟ್ಟು ಅಪರಾಧಿಗಳೆಂಬುದು ಅದರ ಹಿಂದಿನ ನಂಬಿಕೆ. ಅವರ ಹೆಸರುಗಳನ್ನು ದಾಖಲೆಗೆ ಸೇರಿಸಿ, ಓಡಾಟಕ್ಕೆ ನಿರ್ಬಂಧ ಹಾಕಿ, ಹಲವರನ್ನು ಕಣ್ಗಾವಲಿನ ವಸಾಹತುಗಳಲ್ಲಿ ಇರಿಸಲಾಯಿತು. ನಮ್ಮ ಹುಬ್ಬಳ್ಳಿಯಲ್ಲಿಯೂ ಅಂತಹ ಸೆಟ್ಲ್‌ಮೆಂಟ್ ಇತ್ತು. ದೇಶದ ಕೆಲವೆಡೆ ಇಂತಹ ವಸಾಹತುಗಳ ಮೇಲ್ವಿಚಾರಣೆಯನ್ನು ಕ್ರೈಸ್ತ ಸಂಘಟನೆಗಳೇ ವಹಿಸಿಕೊಂಡಿದ್ದವು ಎಂಬುದನ್ನೂ ನಾವು ಮರೆಯಬಾರದು. ಸ್ವಾತಂತ್ರ್ಯ ಬಂದ ಐದು ವರ್ಷಗಳ ಮೇಲೆ, 1952ರಲ್ಲಿ, ಈ ಕಾಯಿದೆ ರದ್ದಾಯಿತು. ಆ ಸಮುದಾಯಗಳ ಮೇಲಿನ ಸಂಶಯ ಇಂದಿಗೂ ಪೂರ್ತಿಯಾಗಿ ರದ್ದಾಗಿಲ್ಲ.

ಆಟದ ಪುಸ್ತಕದಲ್ಲಿ ಜನಾಂಗದ ಹೆಸರಿನ ಮುಂದೆ 'ದುಷ್ಟ' ಎಂದು ಬರೆದ ಕೈಗೂ, ಕಚೇರಿಯ ದಾಖಲೆಯಲ್ಲಿ 'ಅಪರಾಧಿ' ಎಂದು ಬರೆದ ಕೈಗೂ ಬಳಕೆಯಾದ ತರ್ಕ ಒಂದೇ. ವ್ಯತ್ಯಾಸವಿಷ್ಟೆ: ಕಚೇರಿಯ ಮಾತು ಸುಳ್ಳಾಗಿತ್ತು. ಕಲ್ಪಿತ ಲೋಕದಲ್ಲಿ ಕಟ್ಟುವವನು ಆ ಸುಳ್ಳನ್ನೇ ನಿಜ ಮಾಡಿಕೊಡುತ್ತಾನೆ. 'ಇಲ್ಲಿ ಅವರು ನಿಜವಾಗಿಯೂ ಹಾಗೆಯೇ ಇದ್ದಾರೆ' ಎಂದು ದೇವರ ಸ್ಥಾನದಲ್ಲಿ ನಿಂತು ಸಾರುತ್ತಾನೆ. ಜಾತಿಯ ಕಾರಣಕ್ಕೆ ಮನುಷ್ಯನನ್ನು ಅಳೆಯುವ ರೋಗದಿಂದ ಇನ್ನೂ ಗುಣವಾಗದ ನಾಡಿನಲ್ಲಿ, ಆ ಅಳತೆಗೋಲು ಸರಿಯಾಗಿಯೇ ಇರುವ ಲೋಕವೊಂದನ್ನು ವಾರವಾರವೂ ಮನೆಯೊಳಗೆ ಕಟ್ಟಿಕೊಂಡು ಆನಂದಿಸುವುದು ಸಣ್ಣ ಸಂಗತಿಯೇ?

ಹೊಸತನ ಎಂದರೇನು?

ಲೋಕ ಕಟ್ಟುವ ಯುವಕರ ದೊಡ್ಡ ಹಂಬಲ ಹೊಸತನ. ಯಾರೂ ಕಾಣದ ಲೋಕ ತಮ್ಮದಾಗಬೇಕು ಎಂಬ ಆಸೆ. ಆದ್ದರಿಂದ ಸೂರ್ಯ ಎರಡಾಗುತ್ತಾನೆ, ಕುದುರೆಯ ಬದಲು ಹಲ್ಲಿಯ ಮೇಲೆ ಸವಾರಿ ನಡೆಯುತ್ತದೆ, ಓರ್ಕ್‌ಗೆ ಹೊಸ ಹೆಸರೂ ನೀಲಿ ಚರ್ಮವೂ ಸಿಗುತ್ತವೆ. ಆದರೆ ಆ ನೀಲಿ ಚರ್ಮದವರನ್ನೂ ಕಂಡಲ್ಲಿ ಕೊಲ್ಲುವುದೇ ಕಥೆಯಾದರೆ ಹೊಸದಾದದ್ದು ಯಾವುದು?

ಬಾಹ್ಯದ ಹೊಸತನ ಎಷ್ಟೇ ಅದ್ಭುತವಾಗಿದ್ದರೂ ಸಾಲದು ಎಂಬುದಕ್ಕೆ ಈ ಆಟಗಳ ಚರಿತ್ರೆಯಲ್ಲೇ ದೊಡ್ಡ ಸಾಕ್ಷಿಯಿದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಂ. ಎ. ಆರ್. ಬಾರ್ಕರ್ ದಕ್ಷಿಣ ಏಷ್ಯಾದ ಭಾಷೆಗಳನ್ನು ಬಲ್ಲ ಭಾಷಾವಿಜ್ಞಾನಿ. 1975ರಲ್ಲಿ ಅವರ 'ಎಂಪೈರ್ ಆಫ್ ದ ಪೆಟಲ್ ಥ್ರೋನ್' ಪ್ರಕಟವಾಯಿತು. ಅದರ ಲೋಕದ ಹೆಸರು 'ಟೆಕುಮೆಲ್'. ಯೂರೋಪಿನ ಕೋಟೆ-ಕೊತ್ತಲಗಳ ಅನುಕರಣೆ ಅದರಲ್ಲಿರಲಿಲ್ಲ. ತನ್ನದೇ ಭಾಷೆಗಳು, ಲಿಪಿಗಳು, ಪುರೋಹಿತವರ್ಗಗಳು, ಸಾವಿರಾರು ವರ್ಷಗಳ ಚರಿತ್ರೆ ಇದ್ದವು. ಅಂದಿನ ಲೋಕಗಳಲ್ಲಿ ಅಷ್ಟು ಸ್ವತಂತ್ರವಾದದ್ದು ಮತ್ತೊಂದಿರಲಿಲ್ಲ ಎಂದು ಹೊಗಳಿದವರು ಬಹಳ. ಬಾರ್ಕರ್ 2012ರಲ್ಲಿ ತೀರಿಕೊಂಡರು. ಅವರು 1991ರಲ್ಲಿ ಬೇರೊಂದು ಹೆಸರಿನಲ್ಲಿ ನಾಜಿಗಳ ಪರವಾದ, ಯೆಹೂದ್ಯರನ್ನು ದ್ವೇಷಿಸುವ ಕಾದಂಬರಿಯೊಂದನ್ನು ಪ್ರಕಟಿಸಿದ್ದರೆಂಬ ಸತ್ಯವನ್ನು ಅವರ ಕೃತಿಗಳ ಹೊಣೆ ಹೊತ್ತ ಸಂಸ್ಥೆಯೇ 2022ರಲ್ಲಿ ಒಪ್ಪಿಕೊಂಡಿತು. ಹೊಸ ಲಿಪಿ ಬರೆದ ಕೈಯೇ ಅತ್ಯಂತ ಹಳಸಿದ ದ್ವೇಷವನ್ನೂ ಬರೆದಿತ್ತು. ಕಲ್ಪನೆಯ ಶ್ರೀಮಂತಿಕೆ ಹೃದಯದ ಶುದ್ಧಿಗೆ ಆಧಾರವಾಗುವುದಿಲ್ಲ.

ಆಟದ ಇಂದಿನ ಪ್ರಕಾಶಕರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಓರ್ಕ್ ಮೊದಲಾದವರನ್ನು ದುಷ್ಟ ಜನಾಂಗಗಳೆಂದು ಚಿತ್ರಿಸಿದ ರೀತಿ, ನಮ್ಮ ಲೋಕದ ಜನಾಂಗಗಳನ್ನು ಹೀನಾಯಗೊಳಿಸಿದ ರೀತಿಗೆ ನೋವುಂಟಾಗುವಷ್ಟು ಹತ್ತಿರವಾಗಿದೆ ಎಂದು 2020ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. 2024ರ ಹೊಸ ಪುಸ್ತಕದಲ್ಲಿ ಜನಾಂಗ ಎಂಬ ಪದವೇ ಹೋಯಿತು. ಓರ್ಕ್ ಆಟಗಾರನು ವಹಿಸಬಹುದಾದ ಪಾತ್ರಗಳಲ್ಲೊಂದಾಯಿತು. ಒಳ್ಳೆಯದೇ. ಆದರೆ ಪುಸ್ತಕದಲ್ಲಿ ಪದ ಬದಲಾದ ಮಾತ್ರಕ್ಕೆ ಮೇಜಿನ ಮೇಲಿನ ಕೊಲೆ ಬದಲಾಗುವುದಿಲ್ಲ. 1989ರಲ್ಲಿ ಭೂತಗಳ ಹೆಸರು ಹೋದದ್ದೂ ಹೀಗೆಯೇ ಅಲ್ಲವೇ? ಲೋಕ ಕಟ್ಟುವವನ ಮನಸ್ಸು ಬದಲಾಗಬೇಕು.

ಶತ್ರುವಿಗೂ ಮಾತು ಬೇಕು

ಶತ್ರುಗಳೇ ಇಲ್ಲದ ಆಟ ಸಪ್ಪೆಯಾಗುತ್ತದೆ ಎಂಬ ಆಕ್ಷೇಪ ಬರುವುದು ಸಹಜ. ಶತ್ರು ಬೇಡವೆಂದು ಹೇಳಿದವರಾರು? ದರೋಡೆಕೋರರಿರಲಿ, ಕ್ರೂರ ಅರಸರಿರಲಿ, ಮಾಟಗಾರರೂ ಇರಲಿ. ಅವರು ತಮ್ಮ ಕೃತ್ಯಗಳಿಂದ ಶತ್ರುಗಳಾಗಲಿ. ತಾಯಿಯ ಗರ್ಭದಿಂದಲೇ ಶತ್ರುಗಳಾಗಿ ಬರುವುದು ಬೇಡ.

ಇದನ್ನು ನಾವು ಪರದೇಶದಿಂದ ಕಲಿಯಬೇಕಾದ ಅಗತ್ಯವೂ ಇಲ್ಲ. ತಾಳಮದ್ದಳೆಯಲ್ಲಿ 'ವಾಲಿವಧೆ' ನಡೆಯುವಾಗ ಜನ ಕಾದು ಕುಳಿತುಕೊಳ್ಳುವುದು ಯಾವುದಕ್ಕೆ? ಬಾಣ ತಗಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದ ರಾಮನಿಗೆ ಹಾಕುವ ಪ್ರಶ್ನೆಗಳಿಗೆ. ಪ್ರಸಂಗದಲ್ಲಿ ವಾಲಿ ಸಾಯಲೇಬೇಕು. ಆದರೂ ಅವನ ಮಾತು ಮುಗಿಯದೆ ಅವನು ಸಾಯುವುದಿಲ್ಲ. ಅರ್ಥಧಾರಿ ಸಮರ್ಥನಾದರೆ ಕೇಳುಗರು ರಾಮನ ಪಕ್ಷದಲ್ಲಿದ್ದೂ ವಾಲಿಗಾಗಿ ಮರುಗುತ್ತಾರೆ. ಕಥೆ ಸಪ್ಪೆಯಾಯಿತೆಂದು ಯಾರೂ ಎದ್ದುಹೋಗುವುದಿಲ್ಲ. ಎದುರಾಳಿಗೆ ಮಾತು ಕೊಟ್ಟಾಗಲೇ ಕಥೆಗೆ ತೂಕ ಬರುತ್ತದೆ ಎಂಬುದು ಈ ನೆಲದ ಅನುಭವ.

ಆದುದರಿಂದ ಲೋಕ ಕಟ್ಟಹೊರಟ ಯುವಕ ಯುವತಿಯರಿಗೆ ನಮ್ಮ ಸಲಹೆ ಇದು. ದೇವರುಗಳಿಂದಲೂ ಸಾಮ್ರಾಜ್ಯಗಳಿಂದಲೂ ಪ್ರಾರಂಭಿಸಬೇಡಿ. ಒಂದು ಊರಿನಿಂದ ಪ್ರಾರಂಭಿಸಿ. ಆ ಊರಿಗೆ ನೀರು ಎಲ್ಲಿಂದ ಬರುತ್ತದೆ? ಉಪ್ಪು ಎಲ್ಲಿಂದ ಬರುತ್ತದೆ? ಸೇತುವೆಯ ಸುಂಕ ಯಾರ ಪಾಲು? ಬೆಟ್ಟದ ಜನ ವರ್ಷಕ್ಕೊಮ್ಮೆ ಇಳಿದು ಬಂದು ಊರನ್ನು ಸುಡುತ್ತಾರೆಂದು ನೀವು ಬರೆದಿದ್ದರೆ, ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಸಾಲು ಬರೆಯಿರಿ: ಏಕೆ? ಊರಿನವರು ಕೆರೆ ಕಟ್ಟಿ ಏರಿ ಎತ್ತರಿಸಿದ ಮೇಲೆ ಅವರ ಹುಲ್ಲುಗಾವಲು ಮುಳುಗಿರಬಹುದು. ಉಪ್ಪಿನ ದಾರಿಗೆ ಸುಂಕ ಹೇರಿ ಅವರ ಜಾನುವಾರು ಸಾಯುವಂತೆ ಮಾಡಿರಬಹುದು. ಆ ಒಂದು ಸಾಲು ಬರೆದ ಕ್ಷಣದಿಂದ ನಿಮ್ಮ ಲೋಕ ಬೇರೆಯಾಗುತ್ತದೆ. ನಿಮ್ಮ ಆಟಗಾರರು ಬೆಟ್ಟ ಹತ್ತುವಾಗ ಕತ್ತಿಯೊಂದನ್ನೇ ನಂಬಲಾರರು. ಸಂಧಾನ ಮಾಡಬಹುದು, ವಂಚನೆ ಬಯಲು ಮಾಡಬಹುದು, ತಮ್ಮ ಊರಿನವರನ್ನೇ ಎದುರಿಸಬೇಕಾಗಿ ಬರಬಹುದು. ಕಾದಾಟವೇ ಆದರೂ ಅದಕ್ಕೊಂದು ಬೆಲೆಯಿರುತ್ತದೆ. ಇಂತಹ ಆಟವನ್ನು ಸಪ್ಪೆ ಎನ್ನುವವರು ಒಮ್ಮೆ ಆಡಿ ನೋಡಲಿ.

ಪವಿತ್ರ ಗ್ರಂಥದಲ್ಲಿ ಯೋನನ ಪುಸ್ತಕ ಬಹಳ ಚಿಕ್ಕದು. ತಿಮಿಂಗಿಲದಂತಹ ದೊಡ್ಡ ಮೀನಿನ ಕಥೆಯೆಂದೇ ನಾವು ಅದನ್ನು ಮಕ್ಕಳಿಗೆ ಹೇಳುತ್ತೇವೆ. ಆದರೆ ಅದರ ಕೊನೆಯಲ್ಲಿ ಮೀನಿಲ್ಲ. ಶತ್ರುಗಳ ಮಹಾನಗರವಾದ ನಿನೆವೆ ನಾಶವಾಗುವುದನ್ನು ನೋಡಲು ಹೊರಗೆ ಕುಳಿತ ಪ್ರವಾದಿ ಇದ್ದಾನೆ. ಆ ನಗರದ 1,20,000ಕ್ಕೂ ಮಿಕ್ಕ ಜನರಿಗಾಗಿಯೂ ಅವರ ದನಕರುಗಳಿಗಾಗಿಯೂ ಮರುಗುವ ದೇವರಿದ್ದಾರೆ. ನಾಶಕ್ಕೆಂದೇ ಇರುವ ನಗರ ಎಂದು ಯೋನನು ಎಣಿಸಿದ್ದನು. ಸೃಷ್ಟಿಸಿದಾತನ ಲೆಕ್ಕದಲ್ಲಿ ಅಂತಹ ನಗರವಿರಲಿಲ್ಲ.

ಹೆತ್ತವರೇ, ನಿಮ್ಮ ಮಗನೋ ಮಗಳೋ ನಕಾಶೆ ಬರೆಯುತ್ತಾ ಕುಳಿತಿರುವುದನ್ನು ಕಂಡರೆ ಪುಸ್ತಕ ಕಸಿದುಕೊಳ್ಳಬೇಡಿ, ನಕ್ಕು ಸುಮ್ಮನಾಗಲೂಬೇಡಿ. ಪಕ್ಕದಲ್ಲಿ ಕುಳಿತು ಆ ಲೋಕದ ಬಗ್ಗೆ ಕೇಳಿ. ಭೂತಗಳಿವೆಯೇ ಎಂಬ ಪ್ರಶ್ನೆ ಆಮೇಲಿರಲಿ. ಅಲ್ಲಿ ಯಾರು ಸಾಯುತ್ತಾರೆ, ಏಕೆ ಸಾಯುತ್ತಾರೆ, ಸಾಯುವವರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಉತ್ತರ ತಕ್ಷಣ ಬಾರದಿದ್ದರೂ ಚಿಂತೆಯಿಲ್ಲ. ಮುಂದಿನ ವಾರ ಗೆಳೆಯರು ಮೇಜಿನ ಸುತ್ತ ಸೇರುವಷ್ಟರಲ್ಲಿ ನಕಾಶೆಯ ಆ ಗವಿಯ ಪಕ್ಕದಲ್ಲಿ ಒಂದು ಹೆಸರು, ಒಂದು ಕಾರಣ ಬರೆದಿದ್ದರೆ ಸಾಕು.